ಇಬ್ಬರ ಮನೆಗೊಂದು ಪಾತ್ರೆ



ಉಡುಪಿಯ ಕೃಷ್ಣಮಠದಲ್ಲಿ ಅಧಿಕಾರ ಕೈಬದಲಾಗುವಾಗ ಒಂದು ಪಾತ್ರೆಯೂ ಒಂದು ಸಟ್ಟುಗವೂ ಕೈಬದಲಾಗುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗ್ಗೆ ಪರ್ಯಾಯ ಮುಗಿಸಿದ ಸ್ವಾಮಿಗಳು ಪೀಠವೇರುವ ಸ್ವಾಮಿಗಳಿಗೆ ಅಕ್ಷಯಪಾತ್ರೆ ಮತ್ತು ಸಟ್ಟುಗವನ್ನು ಒಪ್ಪಿಸುತ್ತಾರೆ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಅನ್ನ ಹಾಕುವ ಹೊಣೆ ಅವರದ್ದು. ಅದಕ್ಕೆ ಎಷ್ಟೋ ತಿಂಗಳ ಮೊದಲೇ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಎಂದು ತಯಾರಿ ಶುರುವಾಗಿರುತ್ತದೆ. ಹೀಗಾಗಿ ನಮ್ಮ ಕಡೆಯವರಿಗೆ ಅಡುಗೆ ಎಂದ ಕೂಡಲೇ ಕಣ್ಣಮುಂದೆ ಬರುವುದು ಕೊಪ್ಪರಿಗೆ. ಇಲ್ಲಿಯ ಅಡುಗೆ ಭಟ್ಟರನ್ನು ಕೇಳಿ ನೋಡಿ: ಐನೂರು ಎಲೆಗೆ ಎಂದರೆ ನಿಂತಲ್ಲಿಯೇ ಸಾಮಾನಿನ ಪಟ್ಟಿ ಬರೆಸುತ್ತಾರೆ. ಇಬ್ಬರಿಗೆ ಸಾರು ಎಂದರೆ, 'ಎಂಥ ಮಾರಾಯ್ರೆ, ತಮಾಷೆಯಾ?' ಎನ್ನುತ್ತಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಆ ಇಬ್ಬರ ಸಾರಿನ ಪಾತ್ರೆಯ ವಿಷಯ. ಹಾಲು ಕಾಯಿಸುವ, ಚಾ ಮಾಡುವ, ಮಗುವಿಗೆ ಮಣ್ಣಿ ಕಲಕುವ, ರಾತ್ರಿಯ ಗಂಜಿ ಬಿಸಿ ಮಾಡುವ, ಒಂದು ಹಿಡಿಯ ಸಣ್ಣ ಪಾತ್ರೆ. ಪೇಟೆಯ ಅಂಗಡಿಯಲ್ಲಿ ಸಾಸ್‌ಪ್ಯಾನ್ ಎಂದು ಚೀಟಿ ಅಂಟಿಸಿರುತ್ತಾರೆ. ಮನೆಗೆ ಬಂದ ಮೇಲೆ ಅದು ಚಾ ಪಾತ್ರೆಯೇ.

ಎಲ್ಲೂರು, ಬೆಳಪು, ಅದಮಾರು ಕಡೆಯ ಹಳೆಯ ಮನೆಗಳನ್ನು ನೀವು ಬಲ್ಲಿರಿ. ಅಟ್ಟದ ಮೇಲೆ ಹಂಡೆ, ಚರಿಗೆ, ಉರುಳಿ, ಕಂಚಿನ ತಪಲೆಗಳು ಸಾಲಾಗಿ ಬೋರಲು ಬಿದ್ದಿರುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿಸಿದ ಹಸ್ತಶಿಲ್ಪ ಗ್ರಾಮಕ್ಕೆ ಹೋದವರು ಆ ಮನೆಗಳ ಅಳತೆ ನೋಡಿಯೇ ಅಲ್ಲಿ ದಿನಕ್ಕೆ ಎಷ್ಟು ಸೇರು ಅಕ್ಕಿ ಬೇಯುತ್ತಿದ್ದಿರಬಹುದು ಎಂದು ಲೆಕ್ಕ ಹಾಕಬಹುದು. ಈಗ ಅಂಥ ಮನೆಗಳಲ್ಲಿ ಉಳಿದವರು ಅಪ್ಪ, ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ ಇದ್ದಾರೆ. ಆದರೂ ಅಡುಗೆಮನೆಯ ಪಾತ್ರೆಗಳು ಇನ್ನೂ ಹದಿನೈದು ಜನರ ಅಳತೆಯಲ್ಲೇ ಇವೆ. ಇಬ್ಬರ ಸಾರು ದೊಡ್ಡ ತಪಲೆಯ ತಳದಲ್ಲಿ ಎಲ್ಲೋ ಕಾಣೆಯಾಗಿರುತ್ತದೆ.

ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಅಡುಗೆ ಮಾಡಿದರೆ ಏನಾಗುತ್ತದೆ? ಒಂದು ಲೆಕ್ಕ ಹೇಳುತ್ತೇನೆ, ಬೇಸರ ಬೇಡ. ಅರ್ಧ ಲೀಟರಿನ ಒಂದು ತೊಟ್ಟೆ ಹಾಲನ್ನು 24 ಸೆಂಟಿಮೀಟರ್ ಅಗಲದ ಪಾತ್ರೆಗೆ ಸುರಿದರೆ ಅದು ನಿಲ್ಲುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತರಕ್ಕೆ, ಹೆಚ್ಚುಕಡಿಮೆ ಒಂದು ಬೆರಳಿನ ದಪ್ಪಕ್ಕೆ. ಅದೇ ಹಾಲು 16 ಸೆಂಟಿಮೀಟರಿನ ಪಾತ್ರೆಯಲ್ಲಿ ಎರಡೂವರೆ ಸೆಂಟಿಮೀಟರ್ ನಿಲ್ಲುತ್ತದೆ. ತೆಳ್ಳಗೆ ಹರಡಿದ ಹಾಲು ಬೇಗ ಆರುತ್ತದೆ, ಬೇಗ ತಳ ಹಿಡಿಯುತ್ತದೆ, ಕೆನೆಯೆಲ್ಲ ಬದಿಗೆ ಅಂಟಿ ಒಣಗುತ್ತದೆ. ಒಗ್ಗರಣೆಯ ಕತೆಯೂ ಅದೇ. ಒಂದು ಚಮಚ ಎಣ್ಣೆ ಅಗಲದ ತಳದಲ್ಲಿ ಹರಡಿಹೋದರೆ ಸಾಸಿವೆ ಮುಳುಗುವುದಿಲ್ಲ. ಅರ್ಧ ಸಿಡಿಯುತ್ತದೆ, ಅರ್ಧ ಕರಟಿ ಕಹಿಯಾಗುತ್ತದೆ. ಆಗ ನಾವೇನು ಮಾಡುತ್ತೇವೆ? ಇನ್ನೆರಡು ಚಮಚ ಎಣ್ಣೆ ಹಾಕುತ್ತೇವೆ. ಡಾಕ್ಟರ ಹತ್ತಿರ ಮಾತ್ರ 'ನಾವು ಎಣ್ಣೆ ಹಾಕುವುದೇ ಕಡಿಮೆ' ಎನ್ನುತ್ತೇವೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಮಾಡಬೇಕಾದ ಕೆಲಸವೊಂದಿದೆ. ದಿನಕ್ಕೆ ಹೆಚ್ಚು ಸಲ ಒಲೆಗೇರುವುದು ಏನು, ಎಷ್ಟು ಎಂದು ಲೋಟದಲ್ಲಿ ಅಳೆದು ನೋಡಿ. ಇಬ್ಬರ ಚಾ ಎಂದರೆ ಹೆಚ್ಚೆಂದರೆ ಎರಡು ಲೋಟ. ಸಾರು ಮೂರು ಲೋಟ. ಹಾಲು ಅರ್ಧ ಲೀಟರ್. ಹಾಲು ಉಕ್ಕುವ ವಸ್ತು. ಕೆನೆಯ ಕೆಳಗೆ ಆವಿ ಸಿಕ್ಕಿಕೊಂಡು ಒಮ್ಮೆಲೇ ಮೇಲೇಳುತ್ತದೆ. ಹಾಗಾಗಿ ಹಾಲಿನ ಎರಡು ಪಟ್ಟಾದರೂ ಜಾಗ ಬೇಕು, ಮೂರು ಪಟ್ಟಾದರೆ ನೆಮ್ಮದಿ. ಈ ಲೆಕ್ಕದಲ್ಲಿ ಇಬ್ಬರು ಮೂವರು ಇರುವ ಮನೆಗೆ 16 ಸೆಂಟಿಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ಎತ್ತರದ ಪಾತ್ರೆ ಸರಿಹೊಂದುತ್ತದೆ. ಅದು ಕಂಠಮಟ್ಟ ಒಂದೂವರೆ ಲೀಟರ್ ಹಿಡಿಯುತ್ತದೆ. ಒಬ್ಬರೇ ಇರುವವರಿಗೆ 14 ಸೆಂಟಿಮೀಟರಿನದ್ದು ಸಾಕು. ಹಾಲು ಉಕ್ಕಲೇಬೇಕಾದ ದಿನ ಒಂದೇ, ಗೃಹಪ್ರವೇಶದ್ದು. ಆ ಹೊತ್ತಿಗೆ ಬೇಕಿದ್ದರೆ ಸಣ್ಣ ಪಾತ್ರೆ ಇಡಿ.

ಇನ್ನು ಯಾವ ಲೋಹ? ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ, ಯಾಕೆಂದರೆ ಹೆಚ್ಚಿನವರು ಹೊಳಪು ನೋಡಿ ಕೊಳ್ಳುತ್ತಾರೆ.

ಸ್ಟೀಲು ಗಟ್ಟಿ, ಹುಳಿಗೆ ಹೆದರುವುದಿಲ್ಲ, ತೊಳೆಯಲು ಸುಲಭ. ಆದರೆ ಶಾಖವನ್ನು ಹರಡುವ ವಿಷಯದಲ್ಲಿ ಅದರಷ್ಟು ಸೋಮಾರಿ ಲೋಹ ಅಡುಗೆಮನೆಯಲ್ಲಿ ಬೇರೆ ಇಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಹದಿನೈದು ಪಟ್ಟು, ತಾಮ್ರ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತವೆ. ತೆಳ್ಳನೆಯ ಸ್ಟೀಲ್ ಪಾತ್ರೆಯಲ್ಲಿ ಬೆಂಕಿಯ ಬಳೆ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಸುಡುತ್ತದೆ, ಪಕ್ಕದಲ್ಲಿ ಇನ್ನೂ ಉಗುರುಬೆಚ್ಚಗೆ. ಹಾಲು ಸೀದ ಮೇಲೆ ತಳದಲ್ಲಿ ಕಂದು ಉಂಗುರ ಕಾಣುತ್ತದಲ್ಲ, ಅದು ಬರ್ನರಿನದ್ದೇ ಅಚ್ಚು. ಹಾಲು ಎಪ್ಪತ್ತು ಡಿಗ್ರಿ ದಾಟುವ ಹೊತ್ತಿಗೆ ಅದರೊಳಗಿನ ಒಂದು ಬಗೆಯ ಪ್ರೋಟೀನು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಅಲ್ಲಿ ಬಿಸಿ ವಿಪರೀತವಾದರೆ ಸೀಯದೆ ಇನ್ನೇನು? ಹಾಲು ಸುರಿಯುವ ಮೊದಲು ಪಾತ್ರೆಗೆ ಚೂರು ನೀರು ಹಾಕಿ ಸುತ್ತ ತಿರುಗಿಸುವ ನಮ್ಮ ಹಿರಿಯರ ರೂಢಿ ಒಳ್ಳೆಯದೇ. ಆದರೆ ಕಾಗದದಂಥ ತಳವನ್ನು ಆ ನೀರು ಎಷ್ಟು ಕಾಪಾಡೀತು?

ಇದಕ್ಕೆ ಮಾಡಿಕೊಂಡ ಉಪಾಯವೇ ತಳದಲ್ಲಿ ಸ್ಟೀಲಿನ ಎರಡು ಹಾಳೆಗಳ ನಡುವೆ ಅಲ್ಯೂಮಿನಿಯಂ ಬಿಲ್ಲೆ ಇಡುವುದು. ಪಾತ್ರೆಯನ್ನು ಬದಿಯಿಂದ ನೋಡಿದರೆ ತಳದ ಹತ್ತಿರ ಒಂದು ಮೆಟ್ಟಿಲಿನ ಹಾಗೆ ದಪ್ಪ ಕಾಣಿಸುತ್ತದೆ. ಇನ್ನೊಂದು ಬಗೆಯಲ್ಲಿ ಆ ಮೂರು ಪದರ ಕಂಠದವರೆಗೂ ಬಂದಿರುತ್ತದೆ. ಅದಕ್ಕೆ ಟ್ರೈಪ್ಲೈ ಎನ್ನುತ್ತಾರೆ, ಬೆಲೆಯೂ ಮೇಲೇರುತ್ತದೆ. ಬರೇ ಚಾ, ಸಾರು ಮಾಡುವವರಿಗೆ ತಳ ದಪ್ಪವಿದ್ದರೆ ಸಾಕು ಎಂಬುದು ನನ್ನ ಮತ. ಹಾಲನ್ನು ಬತ್ತಿಸುವವರು, ಮಣ್ಣಿ ಕಲಕುವವರು ಮಾತ್ರ ದುಡ್ಡು ಹೋದರೆ ಹೋಯಿತೆಂದು ಟ್ರೈಪ್ಲೈ ತೆಗೆದುಕೊಳ್ಳಲಿ. ಯಾಕೆಂದರೆ ಬಿಲ್ಲೆ ಮುಗಿಯುವ ಅಂಚಿನಲ್ಲಿ, ಬೆಂಕಿ ಬದಿಗೆ ನೆಕ್ಕಿದರೆ, ಸುಡುವ ಅಪಾಯ ಇದ್ದೇ ಇದೆ.

ರಾಗಿ ಮಣ್ಣಿಯ ವಿಷಯ ಬಂತು. ಪಾತ್ರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಅಡುಗೆ ನಮ್ಮಲ್ಲಿಲ್ಲ. ನೆನೆಸಿ ರುಬ್ಬಿ ಸೋಸಿದ ರಾಗಿ ಹಾಲು, ಬೆಲ್ಲ, ತೆಂಗಿನ ಹಾಲು ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸುತ್ತಿರಬೇಕು. ಮೊದಲು ನೀರು ನೀರು, ಆಮೇಲೆ ಒಂದು ಗಳಿಗೆಯಲ್ಲಿ ಗಟ್ಟಿಯಾಗತೊಡಗುತ್ತದೆ. ಆ ಗಳಿಗೆಯಲ್ಲಿ ಸಟ್ಟುಗ ತಲುಪದ ಜಾಗ ಯಾವುದಿದೆಯೋ ಅಲ್ಲಿ ಗಂಟು. ತಳವೂ ಬದಿಯೂ ಸೇರುವ ಮೂಲೆ ಚೂಪಾಗಿ ಮಡಿಸಿದಂತಿದ್ದರೆ ಮಣ್ಣಿ ಅಲ್ಲಿ ಕೂತು ಹೊತ್ತಿಹೋಗುತ್ತದೆ. ಮೂಲೆ ದುಂಡಗಿದ್ದರೆ ಸಟ್ಟುಗದ ಅಂಚು ಅದನ್ನು ಸವರಿಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಪಾತ್ರೆಯ ಒಳಗೆ ಕೈಹಾಕಿ ಆ ಮೂಲೆಯಲ್ಲಿ ಬೆರಳು ಓಡಿಸಿ ನೋಡಿ. ಹಿಡಿಯ ರಿವೆಟ್ ಒಳಗೆ ಉಬ್ಬಿಕೊಂಡಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಉಬ್ಬಿದ್ದರೆ ಅದರ ಸುತ್ತ ಹಾಲಿನ ಜಿಡ್ಡು ಕೂರುತ್ತದೆ, ಉಜ್ಜಬೇಕಾದವರು ನೀವೇ.

ಹಿತ್ತಾಳೆ, ತಾಮ್ರಕ್ಕೆ ಈಗ ಮತ್ತೆ ಬೆಲೆ ಬಂದಿದೆ. ಅಜ್ಜಿಯ ಕಾಲದ್ದು ಆರೋಗ್ಯಕ್ಕೆ ಒಳ್ಳೆಯದು ಎಂದು ಪೇಟೆಯ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಒಳ್ಳೆಯದೇ, ಆದರೆ ಅಜ್ಜಿ ಅದಕ್ಕೆ ಕಲಾಯಿ ಹಾಕಿಸುತ್ತಿದ್ದಳು ಎಂಬುದನ್ನು ಮರೆತಿರುತ್ತಾರೆ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಯಾವುದು? ಪುನರ್ಪುಳಿ ಸಾರು, ಬಿಂಬುಳಿ ಗೊಜ್ಜು, ಹುಣಸೆಹುಳಿಯ ಕೊದ್ದೆಲು, ಮಜ್ಜಿಗೆಯ ತಂಬುಳಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಪುನರ್ಪುಳಿ ಸಾರು ಇಟ್ಟರೆ ಕಿಲುಬು ಕರಗಿ ಸಾರಿಗೇ ಸೇರುತ್ತದೆ. ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ, ಹೊಟ್ಟೆಗೂ ಗೊತ್ತಾಗುತ್ತದೆ. ಕಲಾಯಿಯವರು ಊರೂರು ತಿರುಗುತ್ತಿದ್ದ ಕಾಲವನ್ನು ಕಂಡವರಿಗೆ ನೆನಪಿರಬಹುದು: ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಪಾತ್ರೆಯನ್ನು ಕಾಯಿಸುವುದು, ನವಸಾಗರ ಎರಚಿದಾಗ ಬಿಳಿ ಹೊಗೆ ಬುಸ್ಸೆಂದು ಮೂಗಿಗೆ ಹೊಡೆಯುವುದು, ತವರದ ಕಡ್ಡಿ ತಾಗಿಸಿ ಹತ್ತಿಯ ಬಟ್ಟೆಯಿಂದ ಒಂದು ಸುತ್ತು ಒರೆಸುವಷ್ಟರಲ್ಲಿ ಕರಿ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ. ತವರ ಕರಗುವುದು 232 ಡಿಗ್ರಿಗೆ. ಹಾಗಾಗಿ ಕಲಾಯಿ ಹಾಕಿದ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಮರೆತು ಬಿಟ್ಟರೆ ಕಲಾಯಿ ಕರಗಿ ಕೂರುತ್ತದೆ. ಕಲಾಯಿಯವರು ಎಲ್ಲಿ ಸಿಗುತ್ತಾರೆ ಎಂದು ಗೊತ್ತಿದ್ದವರು ಹಿತ್ತಾಳೆ ಕೊಳ್ಳಿ. ಇಲ್ಲದವರು ಅದನ್ನು ಶೋಕೇಸಿನಲ್ಲಿ ಇಟ್ಟುಕೊಳ್ಳಿ, ತಪ್ಪಿಲ್ಲ.

ಬರೀ ಅಲ್ಯೂಮಿನಿಯಂ ಹಗುರ, ಅಗ್ಗ, ಬೇಗ ಕಾಯುತ್ತದೆ. ನೀರು ಕಾಯಿಸಲು, ಚಾ ಮಾಡಲು ಸರಿ. ಹುಳಿ, ಉಪ್ಪು ಹಾಕಿ ರಾತ್ರಿಯಿಡೀ ಇಡುವ ಪದಾರ್ಥಕ್ಕೆ ಅದು ಬೇಡ, ಲೋಹ ತಿನ್ನುತ್ತದೆ. ನಾನ್‌ಸ್ಟಿಕ್ ದೋಸೆ ಕಾವಲಿಗೆ ಆದೀತು. ನೀರು ನೀರಾದ ಅಡುಗೆಗೆ ಅಂಟದ ಲೇಪ ಯಾಕೆ ಬೇಕು ಎಂದು ನನಗೆ ಅರ್ಥವಾಗಿಲ್ಲ. ಖಾಲಿ ಪಾತ್ರೆ ಜೋರು ಉರಿಯಲ್ಲಿ 260 ಡಿಗ್ರಿ ದಾಟಿದರೆ ಆ ಲೇಪ ಕೆಡತೊಡಗುತ್ತದೆ, ಒಗ್ಗರಣೆ ಇಡುವಾಗ ಫೋನ್ ಬಂದರೆ ಅಷ್ಟು ಸಾಕು. ಮೀನಿನ ಸಾರಿಗೆ ಮಣ್ಣಿನ ಚಟ್ಟಿಯನ್ನು ಬಿಡಿ ಎಂದು ನಾನು ಹೇಳಿದರೂ ನಮ್ಮ ಕರಾವಳಿಯವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಲೆಯಿಂದ ಇಳಿಸಿದ ಮೇಲೂ ಅದರೊಳಗೆ ಸಾರು ಕುದಿಯುತ್ತಿರುತ್ತದೆ. ಮರುದಿನಕ್ಕೆ ಉಪ್ಪುಹುಳಿಖಾರ ಎಳೆದುಕೊಂಡು ಇನ್ನೂ ರುಚಿ. ಹೊಸ ಚಟ್ಟಿಯನ್ನು ನೀರಿನಲ್ಲಿ ನೆನೆಹಾಕಿ, ಗಂಜಿತಿಳಿ ಕುದಿಸಿ ಪಳಗಿಸಿದರೆ ಸರಿ.

ಸ್ಟೀಲಿನ ವಿಷಯದಲ್ಲಿ ಇನ್ನೊಂದು ಮಾತು. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸುತ್ತಾರೆ: 'ನೋಡಿ ಅಕ್ಕ, ಅಂಟುವುದಿಲ್ಲ, ಅಸಲು ಸ್ಟೀಲು.' ಈ ಪರೀಕ್ಷೆಯಿಂದ ಹೆಚ್ಚೇನೂ ಸಿದ್ಧವಾಗುವುದಿಲ್ಲ. ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲ್ ಇರುವ 304 ಎಂಬ ಒಳ್ಳೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಅದಕ್ಕಿಂತ ಪಾತ್ರೆಯ ಮೇಲೆ ಐಎಸ್‌ಐ ಗುರುತು ಇದೆಯೇ, ಅದರ ಜೊತೆಗೆ ಐಎಸ್ 14756 ಎಂಬ ಸಂಖ್ಯೆ ಇದೆಯೇ ನೋಡಿ. ಸ್ಟೀಲ್ ಪಾತ್ರೆಗಳ ಮಾನಕ ಅದು; ಅದನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರಕಾರ 2024ರಲ್ಲಿ ಹೊರಡಿಸಿದೆ.

ಅಯಸ್ಕಾಂತ ನಿಜವಾಗಿ ಬೇಕಾಗುವುದು ಇಂಡಕ್ಷನ್ ಒಲೆ ಇರುವವರಿಗೆ. ಮಣಿಪಾಲದಲ್ಲಿ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳ ಅಡುಗೆಮನೆ ಎಂದರೆ ಈಗ ಅದೊಂದು ಒಲೆ, ಅದರ ಮೇಲೊಂದು ಪಾತ್ರೆ. ಅಂಥವರು ಫ್ರಿಡ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಲಿ. ಬದಿಗೆ ಅಂಟದಿದ್ದರೆ ಚಿಂತೆಯಿಲ್ಲ, ತಳಕ್ಕೆ ಗಟ್ಟಿಯಾಗಿ ಅಂಟಬೇಕು. ತಳದ ಅಗಲವೂ ಮುಖ್ಯ. 12 ಸೆಂಟಿಮೀಟರಿಗಿಂತ ಕಿರಿದಾದ ಪಾತ್ರೆಯನ್ನು ಹಲವು ಇಂಡಕ್ಷನ್ ಒಲೆಗಳು ಇದೆಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಗುತ್ತವೆ. ಎಲ್ಲೂರಿನವರಿಗೆ ಇದರಲ್ಲೊಂದು ತಮಾಷೆ ಇದೆ. ನಮ್ಮ ಊರಿನ ಉಷ್ಣ ವಿದ್ಯುತ್ ಸ್ಥಾವರದ ಎರಡು ಘಟಕಗಳ ಸಾಮರ್ಥ್ಯ 1200 ಮೆಗಾವಾಟ್. ಆದರೆ ಆಟಿ ತಿಂಗಳ ಗಾಳಿಮಳೆಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಇಂಡಕ್ಷನ್ ಒಲೆ ತಣ್ಣಗೆ. ಆದ್ದರಿಂದ ಹಳ್ಳಿಯಲ್ಲಿರುವವರು ಗ್ಯಾಸಿಗೂ ಇಂಡಕ್ಷನ್ನಿಗೂ ಆಗುವ ಪಾತ್ರೆಯನ್ನೇ ಕೊಂಡರೆ ಲೇಸು. ಆಟಿ ಅಮಾಸೆಯ ಬೆಳಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿದು, ಆ ಕಹಿಗೆ ಮೆಂತೆ ಗಂಜಿ ಬೇಕು ಎನ್ನುವಾಗ ಕರೆಂಟಿಗೆ ಕಾಯುವುದು ಯಾರಿಂದಾಗುತ್ತದೆ?

ಇಷ್ಟು ತಿಳಿದುಕೊಂಡು ಕಾಪು ಪೇಟೆಗೋ, ಕಾರ್ಕಳಕ್ಕೋ, ಉಡುಪಿಯ ರಥಬೀದಿಯ ಸುತ್ತಮುತ್ತಲಿನ ಅಂಗಡಿಗೋ ಹೋಗುತ್ತೀರಿ ಎನ್ನಿ. ಅಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

'ಎಂಥ ಬೇಕಿತ್ತು ಅಮ್ಮ?'

'ಹಾಲು ಕಾಯಿಸ್ಲಿಕ್ಕೆ ಒಂದು ಸಣ್ಣ ಪಾತ್ರೆ. ಹಿಡಿ ಇರುವಂಥದ್ದು.'

'ಒಂದು ಯಾಕೆ, ಮೂರರ ಸೆಟ್ಟು ಉಂಟಲ್ಲ, ಆಫರಿನಲ್ಲಿ. ಒಂದರ ರೇಟಿಗೆ ಇನ್ನು ಸ್ವಲ್ಪ ಸೇರಿಸಿದ್ರೆ ಮೂರೂ ನಿಮ್ದೇ.'

ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಮೂರರಲ್ಲಿ ಒಂದು ಒಲೆಯ ಮೇಲೆ ಇರುತ್ತದೆ, ಉಳಿದೆರಡು ಅಟ್ಟದಲ್ಲಿ ಹಂಡೆಯ ಪಕ್ಕಕ್ಕೆ ಹೋಗುತ್ತವೆ. ಅದೇ ದುಡ್ಡಿಗೆ ದಪ್ಪ ತಳದ್ದು ಒಂದೇ ಬರುತ್ತದೆಯೇ ಕೇಳಿ.

ಆಮೇಲೆ ಪಾತ್ರೆಯನ್ನು ಮೇಜಿನ ಮೇಲೆ ಖಾಲಿ ಇಡಿಸಿ. ಹಿಡಿಯ ಭಾರಕ್ಕೆ ಅದು ಹಿಂದಕ್ಕೆ ವಾಲಿದರೆ ಒಲೆಯ ಮೇಲೂ ವಾಲುತ್ತದೆ, ಅದನ್ನು ಅಲ್ಲಿಯೇ ಬಿಡಿ. ನಿಂತರೆ, 'ಒಂದು ಲೋಟ ನೀರು ಕೊಡಿ ಮಾರಾಯ್ರೆ' ಎನ್ನಿ. ಅಂಗಡಿಯವರು ನಗಬಹುದು, ಆದರೆ ಕೊಡುತ್ತಾರೆ. ನಮ್ಮಲ್ಲಿ ನೀರು ಕೇಳಿದವರಿಗೆ ಇಲ್ಲ ಎನ್ನುವ ರೂಢಿ ಇಲ್ಲ. ಪಾತ್ರೆಗೆ ನೀರು ಹಾಕಿ, ಒಂದೇ ಕೈಯಲ್ಲಿ ಎತ್ತಿ ಮತ್ತೆ ಲೋಟಕ್ಕೆ ಸುರಿಯಿರಿ. ಕಂಠ ಹೊರಕ್ಕೆ ಸ್ವಲ್ಪ ಬಾಗಿದ್ದರೆ ನೀರು ಒಂದೇ ಧಾರೆಯಾಗಿ ಬೀಳುತ್ತದೆ. ಅಂಚು ನೇರ ಕತ್ತರಿಸಿದಂತಿದ್ದರೆ ಅರ್ಧ ಲೋಟಕ್ಕೆ, ಅರ್ಧ ಪಾತ್ರೆಯ ಹೊಟ್ಟೆ ಹಿಡಿದು ಇಳಿದು ಮೇಜಿಗೆ. ದಿನವೂ ಒಲೆಯ ಕಟ್ಟೆ ಒರೆಸುವ ಕೆಲಸ ಉಳಿಯುವುದು ಇಲ್ಲಿಯೇ.

ಎತ್ತುವಾಗ ಮಣಿಕಟ್ಟನ್ನೂ ಗಮನಿಸಿ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಪಾತ್ರೆ ಮುಕ್ಕಾಲು ಕಿಲೋ ಇದ್ದರೆ ಉದ್ದ ಹಿಡಿಯ ತುದಿಯಲ್ಲಿ ನೀವು ಹೊರುವುದು ಎರಡು ಕಿಲೋದ ಹತ್ತಿರ. ದಪ್ಪ ತಳ ಒಳ್ಳೆಯದು ಎಂದು ನಾನೇ ಹೇಳಿದ್ದೇನೆ, ಆದರೆ ಎಪ್ಪತ್ತು ದಾಟಿದವರ ಕೈಗೆ ಅದು ಭಾರವಾದರೆ ದಪ್ಪ ಇದ್ದು ಏನು ಪ್ರಯೋಜನ? ಅಂಥವರು ಒಂದು ಅಳತೆ ಕಿರಿದಾದದ್ದನ್ನು ಆರಿಸಲಿ, ಇಲ್ಲವೇ ಎರಡು ಕಿವಿ ಇರುವ ಪಾತ್ರೆಯನ್ನು. ಇಕ್ಕಳದಲ್ಲಿ ಹಿಡಿದೇ ಅಭ್ಯಾಸ ಎನ್ನುವವರಿಗೆ ಕಂಠದ ಅಂಚು ಹೊರಕ್ಕೆ ಮಡಿಸಿ ದಪ್ಪವಾಗಿರಬೇಕು, ಇಲ್ಲದಿದ್ದರೆ ಇಕ್ಕಳ ಜಾರುತ್ತದೆ. ಬೇಕಲೈಟ್ ಹಿಡಿ ಬಿಸಿಯಾಗುವುದಿಲ್ಲ, ಆದರೆ ಅದರ ಸ್ಕ್ರೂ ಆಗಾಗ ಸಡಿಲವಾಗುತ್ತದೆ. ಬಿಗಿಮಾಡುವ ತಾಳ್ಮೆ ಬೇಕು. ಬಚ್ಚಲ ಒಲೆಗೂ ಇದೇ ಪಾತ್ರೆ ಒಯ್ಯುವವರಿದ್ದರೆ ಬೇಕಲೈಟ್ ಬೇಡವೇ ಬೇಡ, ಸೌದೆಯ ಉರಿಗೆ ಸುಟ್ಟು ನಾರುತ್ತದೆ. ಮುಚ್ಚಳ ಇದೆಯೇ ಎಂದು ಕೇಳಲು ಮರೆಯಬೇಡಿ. ಅದರಲ್ಲಿ ಆವಿ ಹೋಗಲು ಒಂದು ತೂತು ಇದ್ದರೆ ಗಂಜಿ ಅಷ್ಟು ಬೇಗ ಉಕ್ಕುವುದಿಲ್ಲ.

ಮನೆಗೆ ತಂದ ಹೊಸ ಸ್ಟೀಲ್ ಪಾತ್ರೆಗೆ ಪಾಲಿಶಿನ ಜಿಡ್ಡು ಅಂಟಿರುತ್ತದೆ. ಸೋಪು ಹಾಕಿ ತೊಳೆದು, ಹುಣಸೆಹುಳಿ ಹಾಕಿದ ನೀರನ್ನು ಒಮ್ಮೆ ಕುದಿಸಿ ಚೆಲ್ಲಿ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಹಾಗೇ ಬಿಡಬೇಡಿ, ಉಪ್ಪು ಕೂತಲ್ಲಿ ಸ್ಟೀಲಿಗೂ ಸಣ್ಣ ಸಣ್ಣ ಹೊಂಡ ಬೀಳುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ. ಹಾಲು ಸೀದರೆ ತಂತಿಯ ಜುಂಗಿನಿಂದ ಕೆರೆಯುವ ಬದಲು ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಕುದಿಸಿದರೆ ಕರಿ ಪದರ ತಾನೇ ಏಳುತ್ತದೆ. ಇದು ಸ್ಟೀಲಿಗೆ ಮಾತ್ರ, ಅಲ್ಯೂಮಿನಿಯಂ ಸೋಡಕ್ಕೆ ಕಪ್ಪಾಗುತ್ತದೆ.

ಅಂಗಡಿಯಲ್ಲಿ ಕೊನೆಗೆ ಕೇಳುವ ಪ್ರಶ್ನೆ: 'ಹೆಸರು ಹಾಕ್ಬೇಕಾ ಅಮ್ಮ?' ಹಾಕಿಸಿ. ನೆರೆಮನೆಯ ಪೂಜೆಗೆ ಪಾಯಸದ ಹಾಲು ತುಂಬಿಕೊಂಡು ಹೋದ ಪಾತ್ರೆ ತಿರುಗಿ ಬರಬೇಕಲ್ಲ. ಆದರೆ ತಳದಲ್ಲಿ ಹಾಕಿಸಬೇಡಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಸಿ ಹಿಡಿದು ಓದಲಿಕ್ಕಾಗುವುದಿಲ್ಲ. ಹಿಡಿಯ ಪಕ್ಕದಲ್ಲಿ, ಕಂಠದ ಕೆಳಗೆ ಹಾಕಿಸಿ.